ನಿತ್ಯವೋ ಕಾಮ್ಯವೋ: ಸ್ವಲೀನ ಮಕ್ಕಳ ಶಾಲಾ ಪ್ರವೇಶ ಮತ್ತು ಅಧಿಕಾರ ವಿಚಾರ

ವಿದ್ಯೆಗೆ ಯಾರು ಅರ್ಹರು ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹು ಹಳೆಯದು. ಶಾಸ್ತ್ರಗ್ರಂಥವು ತನ್ನ ವಿಷಯ, ಪ್ರಯೋಜನ ಮತ್ತು ಅವುಗಳ ಸಂಬಂಧವನ್ನು ಹೇಳುವುದರ ಜೊತೆಗೆ ಅದನ್ನು ಓದಲು ತಕ್ಕವನು ಯಾರೆಂಬುದನ್ನೂ ಮೊದಲಲ್ಲಿಯೇ ನಿರ್ಣಯಿಸಬೇಕೆಂಬುದು ಸಂಪ್ರದಾಯ; ಈ ನಾಲ್ಕನ್ನು ಅನುಬಂಧ ಚತುಷ್ಟಯವೆಂದೂ, ತಕ್ಕವನಲ್ಲಿರುವ ಅರ್ಹತೆಯನ್ನು ಅಧಿಕಾರವೆಂದೂ ಕರೆಯುತ್ತಾರೆ. ಗುರುಕುಲಗಳ ಕಾಲ ಮುಗಿದ ಮೇಲೆ ಈ ವಿಚಾರವು ಪಂಡಿತರ ಚರ್ಚೆಗೆ ಸೀಮಿತವಾಯಿತೆಂದು ತೋರಬಹುದಾದರೂ ಅದು ಇಂದಿಗೂ ಪ್ರತಿ ವರ್ಷ ಶಾಲಾ ಪ್ರವೇಶದ ತಿಂಗಳುಗಳಲ್ಲಿ ಬೇರೆ ಹೆಸರಿನಲ್ಲಿ ನಡೆಯುತ್ತಲೇ ಇದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ನಗರಗಳಲ್ಲಿ ಎಲ್‌ಕೆಜಿಗೋ ಒಂದನೆಯ ತರಗತಿಗೋ ಸೀಟು ಕೇಳಲು ಬಂದ ತಂದೆತಾಯಿಗಳು ತಮ್ಮ ಮಗುವಿಗೆ ಆಟಿಸಂ ಇದೆಯೆಂದು ತಿಳಿಸಿದಾಗ ಅನೇಕ ಖಾಸಗಿ ಶಾಲೆಗಳಿಂದ ದೊರೆಯುವ ಉತ್ತರಗಳು ಬಹುಮಟ್ಟಿಗೆ ಒಂದೇ ಬಗೆಯವು: ನಮ್ಮಲ್ಲಿ ಸೌಲಭ್ಯವಿಲ್ಲ, ತರಬೇತಾದ ಶಿಕ್ಷಕರಿಲ್ಲ, ಸೀಟುಗಳು ಭರ್ತಿಯಾಗಿವೆ, ವಿಶೇಷ ಶಾಲೆಗೆ ಸೇರಿಸಿದರೆ ಮಗುವಿಗೇ ಒಳ್ಳೆಯದು. ಇವುಗಳಲ್ಲಿ ಯಾವುದೂ ನೇರವಾದ ನಿರಾಕರಣೆಯಲ್ಲ. ಎಲ್ಲದರ ಫಲ ಮಾತ್ರ ನಿರಾಕರಣೆಯೇ. ಈ ಉತ್ತರಗಳ ಹಿಂದಿರುವ ಅಧಿಕಾರದ ಕಲ್ಪನೆಯನ್ನು ಬಿಡಿಸಿ ನೋಡುವುದು, ಮತ್ತು ಪೂರ್ವಮೀಮಾಂಸೆಯು ರೂಪಿಸಿದ ನಿತ್ಯ-ಕಾಮ್ಯ ಕರ್ಮಗಳ ವಿಂಗಡಣೆಯಿಂದ ಅದನ್ನು ಪರೀಕ್ಷಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಆಟಿಸಂ ಎಂದರೇನೆಂಬುದು ಸ್ಪಷ್ಟವಾಗಬೇಕು. ಕನ್ನಡದಲ್ಲಿ ಸ್ವಲೀನತೆಯೆಂದು ಹೆಸರಿಸಲಾಗುವ ಈ ಸ್ಥಿತಿಯು ಅಂಟುವ ಇಲ್ಲವೇ ಔಷಧದಿಂದ ಗುಣವಾಗುವ ಕಾಯಿಲೆಯಲ್ಲ. ಅದು ಮಿದುಳಿನ ಬೆಳವಣಿಗೆಯ ಕ್ರಮದಲ್ಲಿಯೇ ಇರುವ, ಜೀವನವಿಡೀ ಉಳಿಯುವ ಭಿನ್ನತೆ. ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಪ್ರಕಟಿಸಿದ ಲೇಖನದಿಂದಲೂ ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಬರೆದ ಪ್ರಬಂಧದಿಂದಲೂ ಈ ಸ್ಥಿತಿಯ ಆಧುನಿಕ ಅಧ್ಯಯನ ಮೊದಲಾಯಿತು. ತಾಯಿಯ ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂದು 1967ರ ತಮ್ಮ ಗ್ರಂಥದಲ್ಲಿ ಬ್ರೂನೋ ಬೆಟಲ್‌ಹೈಮ್ ವಾದಿಸಿ ಅಸಂಖ್ಯ ತಾಯಂದಿರ ತಲೆಗೆ ದೋಷ ಹೊರಿಸಿದರಾದರೂ ಆ ಸಿದ್ಧಾಂತ ಮುಂದೆ ಸಂಪೂರ್ಣವಾಗಿ ಬಿದ್ದುಹೋಯಿತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಎಂಬ ಕೈಪಿಡಿಯು ಎರಡು ಮುಖ್ಯ ಲಕ್ಷಣಗಳನ್ನು ಗುರುತಿಸುತ್ತದೆ: ಸಾಮಾಜಿಕ ಸಂವಹನದಲ್ಲಿನ ಭಿನ್ನತೆ, ಹಾಗೂ ಸೀಮಿತವೂ ಪುನರಾವರ್ತಿತವೂ ಆದ ವರ್ತನೆ ಮತ್ತು ಆಸಕ್ತಿಗಳು; ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿಯೋ ಅತಿ ಕಡಿಮೆಯಾಗಿಯೋ ಸ್ಪಂದಿಸುವುದೂ ಎರಡನೆಯದರಲ್ಲಿಯೇ ಸೇರುತ್ತದೆ. ಇದರ ಹರವು ಬಹು ದೊಡ್ಡದು. ಮಾತೇ ಆಡದ ಮಗುವೂ, ರೈಲುಗಳ ವೇಳಾಪಟ್ಟಿಯನ್ನು ಬಾಯಿಪಾಠವಾಗಿ ಒಪ್ಪಿಸುವ ಮಗುವೂ ಇದೇ ಹೆಸರಿನ ಕೆಳಗೆ ಬರುತ್ತವೆ. ಈ ಮಕ್ಕಳ ಪ್ರಮಾಣವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ ನೀಡಿರುವ ಅಂದಾಜುಗಳು ನೂರಕ್ಕೆ ಒಂದರ ಆಸುಪಾಸಿನಲ್ಲಿವೆ. ಎಂದರೆ ಸಾವಿರ ಮಕ್ಕಳಿರುವ ಶಾಲೆಯಲ್ಲಿ ಇಂತಹ ಮಕ್ಕಳು ಒಬ್ಬರೂ ಇಲ್ಲವೆಂದಾದರೆ ಅದು ಕೇವಲ ಆಕಸ್ಮಿಕವೆಂದು ನಂಬುವುದು ಕಷ್ಟ.

ಪ್ರವೇಶದ ಸಂದರ್ಶನವು ಅಳೆಯುವುದೇನನ್ನು ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಅಪರಿಚಿತ ಕೋಣೆಯಲ್ಲಿ ಅಪರಿಚಿತರ ಕಣ್ಣು ನೋಡಿ ಹೆಸರು ಹೇಳುವುದು, ಬಣ್ಣಗಳನ್ನು ಕೂಡಲೇ ಗುರುತಿಸುವುದು, ಕೇಳಿದಾಗ ಶಿಶುಗೀತೆ ಹಾಡುವುದು, ಹೇಳಿದಷ್ಟು ಹೊತ್ತು ಕುರ್ಚಿಯಲ್ಲಿ ಕೂರುವುದು ಇವೆಲ್ಲ ಸ್ವಲೀನ ಮಗುವಿಗೆ ಅತ್ಯಂತ ಕಠಿಣವಾದ ಸಂಗತಿಗಳು. ಆದರೆ ಇವುಗಳಲ್ಲಿ ಒಂದೂ ಆ ಮಗು ಓದು ಬರಹ ಕಲಿಯಬಲ್ಲದೇ ಎಂಬುದನ್ನು ತಿಳಿಸುವುದಿಲ್ಲ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರು, ತಾವೂ ಸ್ವಲೀನರಾಗಿದ್ದು, 2012ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಸ್ವಲೀನರು ಇತರರನ್ನು ಅರಿಯಲಾರರೆಂಬುದು ಅರ್ಧ ಸತ್ಯವೇ ಸರಿ, ಇತರರು ಸ್ವಲೀನರನ್ನು ಅರಿಯಲಾರರೆಂಬುದು ಅದರ ಉಳಿದರ್ಧ, ಆದ್ದರಿಂದ ಕೊರತೆಯಿರುವುದು ಇಬ್ಬರ ನಡುವಿನ ಸಂಬಂಧದಲ್ಲಿಯೇ ಹೊರತು ಒಬ್ಬರೊಳಗೆ ಮಾತ್ರವಲ್ಲ. ಈ ವಾದವನ್ನು ಒಪ್ಪಿದರೆ ಸಂದರ್ಶನದ ಫಲಿತಾಂಶವು ಮಗುವಿನ ಸಾಮರ್ಥ್ಯವನ್ನು ಎಷ್ಟು ತಿಳಿಸುತ್ತದೆಯೋ ಸಂದರ್ಶಕರ ಸಾಮರ್ಥ್ಯವನ್ನೂ ಅಷ್ಟೇ ತಿಳಿಸುತ್ತದೆಯೆಂದು ಒಪ್ಪಬೇಕಾಗುತ್ತದೆ.

ಕಾನೂನಿನ ನಿಲುವು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ ಕ್ಯಾಪಿಟೇಷನ್ ಶುಲ್ಕವನ್ನೂ, ಪ್ರವೇಶಕ್ಕಾಗಿ ಮಗುವನ್ನೋ ಪೋಷಕರನ್ನೋ ಪರೀಕ್ಷಿಸಿ ಆರಿಸುವ ಪದ್ಧತಿಯನ್ನೂ ನಿಷೇಧಿಸಿ, ಪರೀಕ್ಷಿಸಿ ಆರಿಸಿದ ಶಾಲೆಗೆ ಮೊದಲ ಬಾರಿ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಬಾರಿ 50,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. 2012ರ ತಿದ್ದುಪಡಿಯು ಅಂಗವಿಕಲ ಮಕ್ಕಳನ್ನೂ ಅವಕಾಶವಂಚಿತ ಗುಂಪಿಗೆ ಸೇರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ವಲೀನತೆಯನ್ನೂ ಹೆಸರಿಸಿದ್ದು, ಅದರ 16ನೆಯ ಸೆಕ್ಷನ್ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳು ಭೇದವೆಣಿಸದೆ ಇಂತಹ ಮಕ್ಕಳಿಗೆ ಪ್ರವೇಶ ನೀಡಿ, ಉಳಿದವರೊಂದಿಗೇ ಕಲಿಸಿ, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಒದಗಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಹೇಳುತ್ತದೆ. ಮಾನ್ಯತೆ ಎಂಬ ಮಾತು ಇಲ್ಲಿ ನಿರ್ಣಾಯಕವಾದುದು, ಏಕೆಂದರೆ ಒಂದು ರೂಪಾಯಿ ಅನುದಾನ ಪಡೆಯದ ಖಾಸಗಿ ಶಾಲೆಯೂ ಮಾನ್ಯತೆಯಿಲ್ಲದೆ ನಡೆಯಲಾರದು. ಇಷ್ಟಾದರೂ ಕರ್ನಾಟಕದಲ್ಲಿ 2018ರ ಕೊನೆಯಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಶಾಲೆಗಳಲ್ಲಿ ಅವಕಾಶವಂಚಿತ ಗುಂಪಿನಂತಹ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯು ವಿಧಿಸಿದ ಶೇ. 25ರ ಸೀಟು ಹಂಚಿಕೆ ಬೇಕಿಲ್ಲವೆಂದು ಮಾಡಲಾಯಿತು. ಆ ತಿದ್ದುಪಡಿಯನ್ನು 2019ರಲ್ಲಿ ರಾಜ್ಯದ ಹೈಕೋರ್ಟ್ ಎತ್ತಿಹಿಡಿಯಿತು. ಇದರಿಂದ ಶಿಕ್ಷಣ ಹಕ್ಕಿನ ಕೋಟಾದ ಮೂಲಕ ಖಾಸಗಿ ಶಾಲೆಗೆ ಹೋಗುವ ದಾರಿ ಬಹಳ ಕಿರಿದಾಯಿತೇ ಹೊರತು 2016ರ ಕಾಯ್ದೆಯ ಭೇದವೆಣಿಸಬಾರದೆಂಬ ನಿಯಮ ಹಾಗೆಯೇ ಉಳಿದಿದೆ.

ಖಾಸಗಿ ಶಾಲೆಗಳ ಪಕ್ಷವನ್ನು ಅದರ ಅತ್ಯಂತ ಸಮರ್ಥ ರೂಪದಲ್ಲಿ ನಿರೂಪಿಸದೆ ಮುಂದೆ ಹೋಗುವುದು ನ್ಯಾಯವಾಗದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನವು ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವುದು ಸಂವಿಧಾನದ 19ನೆಯ ವಿಧಿಯು ರಕ್ಷಿಸುವ ವೃತ್ತಿಸ್ವಾತಂತ್ರ್ಯದಲ್ಲಿ ಸೇರುತ್ತದೆಂದೂ, ಅನುದಾನರಹಿತ ಸಂಸ್ಥೆಗೆ ಆಡಳಿತದಲ್ಲಿ ಗಣನೀಯ ಸ್ವಾಯತ್ತತೆ ಇರಬೇಕೆಂದೂ ಹೇಳಿತು. ಈ ಸ್ವಾಯತ್ತತೆಯ ನೆಲೆಯಲ್ಲಿ ಶಾಲೆಯು ಹೀಗೆ ವಾದಿಸಬಹುದು: ತಾನು ಪಾಲಕರಿಗೆ ಒಂದು ನಿರ್ದಿಷ್ಟ ಫಲವನ್ನು ಒದಗಿಸುವೆನೆಂದು ಹೇಳಿ ಶುಲ್ಕ ಪಡೆದಿದೆ, ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿಯ ಗಮನವೆಲ್ಲ ಒಂದು ಮಗುವಿಗೆ ಸಂದರೆ ಉಳಿದವರಿಗೆ ಅನ್ಯಾಯವಾಗುತ್ತದೆ, ಸಾಮರ್ಥ್ಯವಿಲ್ಲದ ಕಡೆ ಸೇರಿಸಿಕೊಂಡು ಮೂಲೆಯಲ್ಲಿ ಕೂರಿಸುವುದಕ್ಕಿಂತ ಸಾಮರ್ಥ್ಯವಿರುವ ಕಡೆಗೆ ಕಳಿಸುವುದೇ ಪ್ರಾಮಾಣಿಕತೆ. ಈ ವಾದದಲ್ಲಿ ದುರುದ್ದೇಶವನ್ನೇ ಹುಡುಕಬೇಕಿಲ್ಲ. ಅದನ್ನು ನಂಬಿ ನುಡಿಯುವ ಮುಖ್ಯೋಪಾಧ್ಯಾಯರೂ ಇದ್ದಾರೆ. ಆದರೆ ಅದರ ತಳದಲ್ಲಿರುವ ಅಧಿಕಾರದ ಕಲ್ಪನೆ ಯಾವುದೆಂದು ತಿಳಿಯಲು ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯಕ್ಕೆ ಹೋಗಬೇಕು.

ವೈದಿಕ ಕರ್ಮಗಳನ್ನು ಮಾಡಲು ಯಾರಿಗೆ ಅಧಿಕಾರವಿದೆಯೆಂಬುದೇ ಆ ಅಧ್ಯಾಯದ ಚರ್ಚಾವಿಷಯ. ಫಲವನ್ನು ಬಯಸುವವನಾಗಿರಬೇಕು, ಕರ್ಮವನ್ನು ನೆರವೇರಿಸುವ ಶಕ್ತಿಯುಳ್ಳವನಾಗಿರಬೇಕು, ಅದಕ್ಕೆ ಬೇಕಾದ ತಿಳಿವಳಿಕೆಯುಳ್ಳವನಾಗಿರಬೇಕು, ಶಾಸ್ತ್ರವು ನಿಷೇಧಿಸದವನಾಗಿರಬೇಕು ಎಂಬುದು ಪರಂಪರೆಯು ಒಪ್ಪಿದ ಸ್ಥೂಲ ಲಕ್ಷಣ. ಹಣವಿಲ್ಲದವನಿಗೆ ಅಧಿಕಾರವಿದೆಯೇ ಎಂಬ ಪ್ರಶ್ನೆ ಬಂದಾಗ, ಹಣದ ಅಭಾವವು ಸ್ಥಿರವಾದುದಲ್ಲ, ಅದನ್ನು ಗಳಿಸಬಹುದು, ಆದ್ದರಿಂದ ಬಡವನಿಗೆ ಅಧಿಕಾರವಿಲ್ಲವೆನ್ನಲಾಗದು ಎಂಬುದು ಸಿದ್ಧಾಂತ. ಅಂಗವೈಕಲ್ಯವುಳ್ಳವನ ವಿಷಯದಲ್ಲಿಯೂ ಇದೇ ತರ್ಕ ಮುಂದುವರಿಯುತ್ತದೆ: ವೈಕಲ್ಯವು ಸರಿಪಡಿಸಬಹುದಾದುದಾದರೆ ಅಧಿಕಾರ ತಪ್ಪುವುದಿಲ್ಲ, ಹುಟ್ಟಿನಿಂದ ಬಂದು ಉಳಿಯುವಂತಹುದಾದರೆ ತಪ್ಪುತ್ತದೆ, ಏಕೆಂದರೆ ಕುರುಡನು ಯಜ್ಞದ ತುಪ್ಪವನ್ನು ವಿಧಿಯಂತೆ ನೋಡಲಾರನು, ಕುಂಟನು ವಿಧಿಸಿದ ಹೆಜ್ಜೆಗಳನ್ನಿಡಲಾರನು. ಮಗುವಿನ ಸ್ಥಿತಿ ಗುಣವಾಗುವಂತಹುದಲ್ಲ, ಆದ್ದರಿಂದ ಈ ಶಾಲೆಗೆ ತಕ್ಕದ್ದಲ್ಲ ಎಂಬ ಇಂದಿನ ಮಾತು ಈ ತರ್ಕದ ನೇರ ವಾರಸುದಾರ.

ಇದೇ ಮನೋಭಾವದ ಇನ್ನೊಂದು ಮುಖವು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ದಾಯಭಾಗ ಪ್ರಕರಣದಲ್ಲಿ ಕಾಣುತ್ತದೆ. ಹುಟ್ಟು ಕುರುಡ, ಕಿವುಡ, ಮೂಕ, ಜಡ ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದು ಹೇಳಿದ ಗ್ರಂಥವೇ ಅವರಿಗೆ ಬದುಕಿರುವವರೆಗೂ ಅನ್ನವಸ್ತ್ರಗಳನ್ನು ಕೊಡಬೇಕೆಂದೂ, ಕೊಡದವನು ಪತಿತನೆಂದೂ ವಿಧಿಸುತ್ತದೆ. ಪೋಷಣೆಯುಂಟು, ಪಾಲಿಲ್ಲ ಎಂಬ ಈ ವ್ಯವಸ್ಥೆಯನ್ನು ಕಾನೂನು ಕ್ರಮೇಣ ಕೈಬಿಟ್ಟಿತು. 1928ರ ಶಾಸನವು ಅದನ್ನು ಬಹುಮಟ್ಟಿಗೆ ತೆಗೆದುಹಾಕಿದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ರೋಗ ಅಥವಾ ಅಂಗವೈಕಲ್ಯದ ಕಾರಣದಿಂದ ಯಾರ ಪಾಲೂ ತಪ್ಪಬಾರದೆಂದು ಮುಗಿಸಿತು. ಆಸ್ತಿಯ ವಿಷಯದಲ್ಲಿ ಅಳಿದ ಈ ವಿಭಜನೆ ಶಿಕ್ಷಣದ ವಿಷಯದಲ್ಲಿ ಇನ್ನೂ ಅಳಿದಿಲ್ಲ. ವಿಶೇಷ ಶಾಲೆಗೆ ದೇಣಿಗೆ ನೀಡಲು, ವಿಶ್ವ ಆಟಿಸಂ ಜಾಗೃತಿ ದಿನವಾದ ಏಪ್ರಿಲ್ 2ರಂದು ನೀಲಿ ದೀಪ ಬೆಳಗಿಸಲು ಸಿದ್ಧವಿರುವ ಸಂಸ್ಥೆಯೊಂದು ತನ್ನದೇ ತರಗತಿಯ ಒಂದು ಬೆಂಚನ್ನು ಕೊಡಲು ಹಿಂಜರಿಯುವಾಗ ಅಲ್ಲಿ ನಡೆಯುವುದು ಪೋಷಣೆಯುಂಟು, ಪಾಲಿಲ್ಲ ಎಂಬ ಅದೇ ಹಳೆಯ ವಿಧಿ.

ಹೀಗೆಂದು ಮೀಮಾಂಸೆಯನ್ನು ಬದಿಗೆ ಸರಿಸಿದರೆ ಅದರ ಅತ್ಯಂತ ಉಪಯುಕ್ತವಾದ ಭಾಗವೇ ಕೈತಪ್ಪುತ್ತದೆ. ಅದೇ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಕರ್ಮಗಳನ್ನು ನಿತ್ಯ ಮತ್ತು ಕಾಮ್ಯವೆಂದು ಬೇರ್ಪಡಿಸಿ ಅವುಗಳ ಅಂಗಗಳ, ಎಂದರೆ ಪ್ರಧಾನಕರ್ಮಕ್ಕೆ ಪೂರಕವಾದ ಕ್ರಿಯೆಗಳ, ವಿಷಯದಲ್ಲಿ ಭಿನ್ನ ನಿಯಮಗಳನ್ನು ಹೇಳಲಾಗಿದೆ. ಮಳೆಗಾಗಿ ಮಾಡುವ ಕಾರೀರೀಷ್ಟಿಯಂತಹ ಕರ್ಮವು ಕಾಮ್ಯ. ಅದನ್ನು ಮಾಡಲೇಬೇಕೆಂಬ ಕಟ್ಟಳೆಯಿಲ್ಲ, ಫಲ ಬೇಕಾದವನು ಮಾಡುತ್ತಾನೆ, ಮತ್ತು ಒಂದು ಅಂಗ ತಪ್ಪಿದರೂ ಫಲ ದೊರೆಯದಾದ್ದರಿಂದ ಎಲ್ಲ ಅಂಗಗಳನ್ನೂ ಪೂರ್ಣವಾಗಿ ನೆರವೇರಿಸಬಲ್ಲವನು ಮಾತ್ರ ಅದಕ್ಕೆ ಕೈಹಾಕಬೇಕು. ಅಗ್ನಿಹೋತ್ರದಂತಹ ಕರ್ಮವು ನಿತ್ಯ. ಅದು ಜೀವಮಾನವಿಡೀ ನಡೆಯಬೇಕಾದುದು, ಬಿಟ್ಟರೆ ಪ್ರತ್ಯವಾಯ, ಎಂದರೆ ಕರ್ತವ್ಯಲೋಪದ ದೋಷ ತಗಲುತ್ತದೆ. ಆದ್ದರಿಂದಲೇ ನಿತ್ಯಕರ್ಮದಲ್ಲಿ ಪ್ರಧಾನವಾದುದನ್ನು ಬಿಡದೆ ಅಂಗಗಳನ್ನು ಶಕ್ತಿಯಿದ್ದಷ್ಟು ಮಾಡಿದರೆ ಸಾಕೆಂದು ಜೈಮಿನಿ ನಿರ್ಣಯಿಸುತ್ತಾನೆ. ಇದಕ್ಕೆ ಯಥಾಶಕ್ತಿ ನ್ಯಾಯವೆಂದು ಹೆಸರು. ಪೂರ್ಣತೆಯ ಆಗ್ರಹ ಕಾಮ್ಯಕ್ಕೆ. ಬಿಡದಿರುವ ಆಗ್ರಹ ನಿತ್ಯಕ್ಕೆ. ಶಕ್ತಿ ಸಾಲದೆಂಬ ನೆಪದಿಂದ ಕಾಮ್ಯವನ್ನು ಬಿಡಬಹುದು, ನಿತ್ಯವನ್ನು ಬಿಡುವಂತಿಲ್ಲ.

ಶಾಲಾ ಶಿಕ್ಷಣವು ಈ ಎರಡರಲ್ಲಿ ಯಾವುದು? ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಭಾರತದ ಪ್ರಭುತ್ವವು ಅದನ್ನು ಬಹುಮಟ್ಟಿಗೆ ಕಾಮ್ಯವೆಂದೇ ಭಾವಿಸಿತ್ತು. ಸಂವಿಧಾನದ 45ನೆಯ ವಿಧಿಯು ಅದನ್ನು ನಿರ್ದೇಶಕ ತತ್ವವಾಗಿ ಇರಿಸಿತ್ತೇ ಹೊರತು ಹಕ್ಕಾಗಿ ಅಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದರ ಕ್ಯಾಪಿಟೇಷನ್ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಶಿಕ್ಷಣವು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಸಾರಿದಾಗಲೂ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಖಚಿತಪಡಿಸಿದಾಗಲೂ, ಕೊನೆಗೆ 2002ರ 86ನೆಯ ತಿದ್ದುಪಡಿಯು ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ 21-ಎ ವಿಧಿಯನ್ನು ಸೇರಿಸಿದಾಗಲೂ ನಡೆದುದು ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಕಾಮ್ಯವು ನಿತ್ಯವಾದ ಘಟನೆ. ಖಾಸಗಿ ಶಾಲೆಯ ಮೂಲಭೂತ ದೋಷವಿರುವುದು ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಲ್ಲಿ. ಶೇಕಡ ನೂರು ಫಲಿತಾಂಶ, ರ‍್ಯಾಂಕುಗಳು, ಮುಂದೆ ದೊರೆಯಬಹುದಾದ ಇಂಜಿನಿಯರಿಂಗ್ ಸೀಟು ಇವು ಕಾಮ್ಯಫಲಗಳು. ಇವುಗಳಿಗಾಗಿ ಎಲ್ಲ ಅಂಗಗಳೂ ಸರಿಯಿರುವ ಮಗುವನ್ನೇ ಆರಿಸುವ ಶಾಲೆಯು ತಾನು ನಡೆಸುತ್ತಿರುವುದು ಕಾಮ್ಯೇಷ್ಟಿಯೆಂದು ತಿಳಿದಿದೆ. ಆದರೆ ಮಾನ್ಯತೆಯ ಪತ್ರವು ಆ ಶಾಲೆಗೆ ಒಪ್ಪಿಸಿರುವುದು ನಿತ್ಯಕರ್ಮವನ್ನು.

ಇಲ್ಲಿ ಒಂದು ಆಕ್ಷೇಪ ಬರಬಹುದು: ನಿತ್ಯಕರ್ಮವಾದರೂ ಮಾಡುವವನಿಗೆ ಅಧಿಕಾರವಿರಬೇಕಲ್ಲವೇ, ಸ್ಥಿರವಾದ ವೈಕಲ್ಯವುಳ್ಳವನಿಗೆ ಅದು ಇಲ್ಲವೆಂದು ಅದೇ ಶಾಸ್ತ್ರ ಹೇಳಿತಲ್ಲವೇ? ಈ ಆಕ್ಷೇಪಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ಕರ್ಮವನ್ನು ಮಾಡುವವನು ಯಾರೆಂದು ಕೇಳಬೇಕು. ಶಿಕ್ಷಣ ಹಕ್ಕಿನಲ್ಲಿ ಮಗುವು ಕರ್ತವ್ಯವನ್ನು ಹೊತ್ತ ಕರ್ತೃವಲ್ಲ. ಕಲಿಸುವ ಹೊಣೆ ಹೊತ್ತದ್ದು ಪ್ರಭುತ್ವ, ಮತ್ತು ಅದರ ಮಾನ್ಯತೆಯಿಂದ ಆ ಹೊಣೆಯಲ್ಲಿ ಪಾಲು ಪಡೆದ ಶಾಲೆ. ಹಾಗಾದರೆ ಸಾಮರ್ಥ್ಯದ ಪ್ರಶ್ನೆಯನ್ನು ಕೇಳಬೇಕಾದುದು ಶಾಲೆಯನ್ನು ಕುರಿತು. ವಿಶೇಷ ಶಿಕ್ಷಕರಿಲ್ಲದ, ಗದ್ದಲದಿಂದ ಬಳಲಿದ ಮಗುವಿಗೆ ಅರ್ಧ ಗಂಟೆ ಕೂರಲು ಶಾಂತವಾದ ಕೋಣೆಯಿಲ್ಲದ, ದಿನಚರಿಯನ್ನು ಚಿತ್ರಗಳಲ್ಲಿ ತೋರಿಸುವ ಒಂದು ಹಲಗೆಯೂ ಇಲ್ಲದ ಶಾಲೆಯೇ ಇಲ್ಲಿ ಅಂಗಹೀನವಾದುದು. ಅದರ ಅಂಗಹೀನತೆಯಾದರೋ ಹುಟ್ಟಿನಿಂದ ಬಂದುದಲ್ಲ. ಬಡವನ ಹಣದ ಅಭಾವದಂತೆ ಗಳಿಸಿ ತುಂಬಿಕೊಳ್ಳಬಹುದಾದುದು. ಸೌಲಭ್ಯವಿಲ್ಲವೆಂಬ ಉತ್ತರವು ಹೀಗೆ ಮೀಮಾಂಸೆಯ ಕಟ್ಟುನಿಟ್ಟಾದ ನಿಯಮದಲ್ಲಿಯೂ ನಿಲ್ಲುವುದಿಲ್ಲ: ಗಳಿಸಬಹುದಾದುದರ ಅಭಾವವು ಕರ್ತವ್ಯದಿಂದ ಬಿಡುಗಡೆ ನೀಡದು, ಗಳಿಸುವವರೆಗೆ ಇದ್ದಷ್ಟರಿಂದ ನಡೆಸಬೇಕು.

2016ರ ಕಾಯ್ದೆಯು ವ್ಯಾಖ್ಯಾನಿಸುವ ಸೂಕ್ತ ಹೊಂದಾಣಿಕೆ ಎಂಬ ಪರಿಕಲ್ಪನೆಯು ಯಥಾಶಕ್ತಿ ನ್ಯಾಯಕ್ಕೆ ಬಹಳ ಹತ್ತಿರವಾಗಿರುವುದು ಗಮನಾರ್ಹ. ಅಗತ್ಯವೂ ಉಚಿತವೂ ಆದ ಮಾರ್ಪಾಡುಗಳನ್ನು ಮಾಡಬೇಕು, ಆದರೆ ಅವು ಮಿತಿಮೀರಿದ ಹೊರೆಯಾಗಬಾರದು ಎಂಬುದು ಆ ವ್ಯಾಖ್ಯಾನದ ತಿರುಳು. ಶಕ್ತಿಮೀರಿದುದನ್ನು ಕಾನೂನೂ ಕೇಳುವುದಿಲ್ಲ, ಜೈಮಿನಿಯೂ ಕೇಳುವುದಿಲ್ಲ. ಶಕ್ತಿಯಿದ್ದಷ್ಟನ್ನು ಮಾಡದೆ ಬಿಡುವುದನ್ನು ಇಬ್ಬರೂ ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10ಕ್ಕೆ ಒಬ್ಬರಂತೆ, ಅದರ ಮೇಲಿನ ಹಂತಗಳಲ್ಲಿ 15ಕ್ಕೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕೆಂದು ಸೂಚಿಸಿದಾಗ, ಯಥಾಶಕ್ತಿಯೆಂಬುದು ಪ್ರತಿ ಶಾಲೆಯೂ ತನಗೆ ತೋಚಿದಂತೆ ಅಳೆದುಕೊಳ್ಳುವ ಸಡಿಲವಾದ ಮಾತಾಗದೆ ಅದಕ್ಕೊಂದು ಕನಿಷ್ಠ ಗಡಿಯೂ ದೊರೆತಂತಾಯಿತು. ಶಾಲೆಗಳಿಗೆ ನೆರವಾಗಬಲ್ಲ ಪರಿಣತಿಯೂ ನಾಡಿನಲ್ಲಿ ಇಲ್ಲದಿಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ದಶಕಗಳಿಂದ ಇಂತಹ ಮಕ್ಕಳ ತಪಾಸಣೆ ಮತ್ತು ಮಾರ್ಗದರ್ಶನದಲ್ಲಿ ತೊಡಗಿವೆ.

ಪ್ರವೇಶದ ಪ್ರಶ್ನೆಯನ್ನು ಕುರಿತ ಅತ್ಯಂತ ಪ್ರಸಿದ್ಧವಾದ ಪ್ರಾಚೀನ ಪ್ರಸಂಗವಿರುವುದು ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ. ಶಿಷ್ಯನಾಗಲು ಬಂದ ಸತ್ಯಕಾಮನನ್ನು ಹಾರಿದ್ರುಮತ ಗೌತಮನು ಗೋತ್ರ ಯಾವುದೆಂದು ಕೇಳುತ್ತಾನೆ. ತನ್ನ ತಾಯಿಗೇ ಅದು ತಿಳಿದಿಲ್ಲವೆಂದು ಹುಡುಗನು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಸತ್ಯದಿಂದ ಸರಿಯಲಿಲ್ಲವೆಂಬ ಕಾರಣಕ್ಕೆ ಗುರುವು ಅವನನ್ನು ಸ್ವೀಕರಿಸುತ್ತಾನೆ. ಕೇಳಿದ ಪ್ರಶ್ನೆಗೆ ನಿರೀಕ್ಷಿತ ಉತ್ತರ ಬಾರದಿದ್ದಾಗ ಬಾಲಕನನ್ನು ಹಿಂದಕ್ಕೆ ಕಳಿಸದೆ, ಬಂದ ಉತ್ತರದಲ್ಲಿಯೇ ಅರ್ಹತೆಯನ್ನು ಕಂಡ ಗುರುವಿನ ನಡೆ ಇಲ್ಲಿ ಮುಖ್ಯ. ಆಮೇಲೆ ನಾನೂರು ಬಡಕಲು ಹಸುಗಳ ಬೆನ್ನಿಗೆ ಹೋದ ಆ ಶಿಷ್ಯನು ಎತ್ತು, ಬೆಂಕಿ, ಹಂಸ ಮತ್ತು ನೀರುಹಕ್ಕಿಗಳಿಂದ ಪಾಠ ಕಲಿಯುತ್ತಾನೆ. ಎಲ್ಲರಂತೆ ಕುಳಿತು ಕೇಳುವುದಷ್ಟೇ ಕಲಿಕೆಯ ಕ್ರಮವೆಂದು ಉಪನಿಷತ್ತು ತಿಳಿಯಲಿಲ್ಲ. ಆದರೆ ಪರಂಪರೆಯು ಈ ಪ್ರಸಂಗವನ್ನು ಉದಾರವಾಗಿ ಮಾತ್ರ ಓದಿತೆಂದು ಹೇಳುವುದು ಸರಿಯಲ್ಲ. ಶೂದ್ರರಿಗೆ ವೇದವಿದ್ಯೆಯ ಅಧಿಕಾರವಿಲ್ಲವೆನ್ನುವ ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಇದೇ ಕಥೆಯನ್ನು ಗುರುವು ಮೊದಲು ಜಾತಿಯನ್ನು ನಿಶ್ಚಯಿಸಿಕೊಂಡೇ ಸೇರಿಸಿಕೊಂಡನೆಂಬುದಕ್ಕೆ ಪ್ರಮಾಣವಾಗಿ ಬಳಸಲಾಗಿದೆ. ಲೌಕಿಕ ಸಾಮರ್ಥ್ಯವೊಂದೇ ಸಾಲದು, ಶಾಸ್ತ್ರವು ಒಪ್ಪಿದ ಸಾಮರ್ಥ್ಯ ಬೇಕೆಂದು ಶಂಕರರ ಭಾಷ್ಯ ಹೇಳುತ್ತದೆ. ಒಂದೇ ಪ್ರಸಂಗದಿಂದ ಬಾಗಿಲು ತೆರೆಯುವ ಓದೂ ಮುಚ್ಚುವ ಓದೂ ಹೊರಟಿರುವಾಗ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಓದುವವರ ನೈತಿಕ ಹೊಣೆ.

ಧಾರ್ಮಿಕ ಭಾಷೆಯು ಈ ಹೊಣೆಯಿಂದ ಜಾರಿಕೊಳ್ಳಲು ಎರಡು ದಾರಿಗಳನ್ನು ಒದಗಿಸುತ್ತದೆ. ಮೊದಲನೆಯದು ಕರ್ಮಸಿದ್ಧಾಂತದ ದುರುಪಯೋಗ: ಮಗುವಿನ ಸ್ಥಿತಿ ಪೂರ್ವಜನ್ಮದ ಫಲ, ತಂದೆತಾಯಿಯರ ಪ್ರಾರಬ್ಧ, ಅದಕ್ಕೆ ಯಾರೇನು ಮಾಡಲಾದೀತು ಎಂಬ ಮಾತು ಬಂಧುಗಳ ಬಾಯಲ್ಲಿಯೂ ಕೆಲವೊಮ್ಮೆ ಶಿಕ್ಷಕರ ಬಾಯಲ್ಲಿಯೂ ಕೇಳುತ್ತದೆ. ಜಗತ್ತಿನ ವಿಷಮತೆಗೆ ಜೀವಿಗಳ ಕರ್ಮವನ್ನು ಕಾರಣವಾಗಿ ಹೇಳುವ ಬ್ರಹ್ಮಸೂತ್ರದ ವೈಷಮ್ಯ-ನೈರ್ಘೃಣ್ಯ ವಿಚಾರವು ಈಶ್ವರನಿಗೆ ಪಕ್ಷಪಾತವೂ ನಿರ್ದಯೆಯೂ ತಗಲದೆಂದು ತೋರಿಸಲು ಹೊರಟದ್ದು; ಶಾಲೆಯ ಆಡಳಿತ ಮಂಡಳಿಯನ್ನು ದೋಷಮುಕ್ತಗೊಳಿಸಲು ಅಲ್ಲ. ಕರ್ಮಸಿದ್ಧಾಂತವನ್ನು ಪೂರ್ಣವಾಗಿ ಒಪ್ಪಿದವನಿಗೂ ಎದುರಿಗಿರುವ ಮಗುವಿನ ಹಿಂದಿನ ಕರ್ಮ ತಿಳಿಯದು, ತನ್ನ ಇಂದಿನ ಕರ್ಮ ಮಾತ್ರ ಕೈಯಲ್ಲಿದೆ. ಸೇರಿಸಿಕೊಳ್ಳುವುದೂ ತಿರುಗಿಸಿ ಕಳಿಸುವುದೂ ಹೊಸ ಕರ್ಮಗಳೇ ಆಗಿ ಅವುಗಳ ಫಲ ಮಾಡಿದವರಿಗೇ ಸೇರುತ್ತದೆ. ಬೆಟಲ್‌ಹೈಮ್ ತಾಯಿಯ ಮಮತೆಯಲ್ಲಿ ಹುಡುಕಿದ ದೋಷವನ್ನೇ ಈ ಮಾತು ತಾಯಿಯ ಪೂರ್ವಜನ್ಮದಲ್ಲಿ ಹುಡುಕುತ್ತದೆ. ಎರಡರಿಂದಲೂ ಮಗುವಿಗೆ ಒಂದಕ್ಷರ ಲಾಭವಿಲ್ಲ.

ಎರಡನೆಯದು ಇದಕ್ಕೆ ವಿರುದ್ಧವೆಂದು ತೋರುವ ದೈವೀಕರಣ, ಎಂದರೆ ಇವು ದೇವರ ಮಕ್ಕಳು, ಇವರಲ್ಲಿ ಗುಪ್ತವಾದ ಜ್ಞಾನವಿದೆ ಎಂಬ ಭಾವನೆ. ಭಾಗವತದ ಐದನೆಯ ಸ್ಕಂಧದ ಜಡಭರತನ ಕಥೆಯನ್ನು ಇದಕ್ಕೆ ಉದಾಹರಿಸುವುದುಂಟು. ತಂದೆಯು ತಿಂಗಳುಗಟ್ಟಲೆ ಗಾಯತ್ರಿಯನ್ನು ಕಲಿಸಲು ಹೆಣಗಿ ಸೋತನು, ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ಕಲಿಸುವ ಪ್ರಯತ್ನವನ್ನೇ ಬಿಟ್ಟರು, ಕೊನೆಗೆ ರಹೂಗಣ ರಾಜನ ಪಲ್ಲಕ್ಕಿ ಹೊರಲು ಹಿಡಿದು ತಂದಾಗ ಕಾಲಡಿಯ ಕ್ರಿಮಿಗಳನ್ನು ತುಳಿಯದಿರಲು ಹೆಜ್ಜೆ ಬದಲಿಸುತ್ತ ನಡೆದು ರಾಜನ ಬೈಗುಳಕ್ಕೆ ಗುರಿಯಾಗಿ, ಅವನಿಗೆ ತತ್ತ್ವವನ್ನು ಬೋಧಿಸಿದನು. ಉಳಿದವರ ಹೆಜ್ಜೆಗೆ ಹೆಜ್ಜೆ ಕೂಡದಿರುವುದಕ್ಕೆ ಹೊರಗಿನವರಿಗೆ ಕಾಣದ ಕಾರಣವಿರಬಹುದೆಂಬ ಎಚ್ಚರವನ್ನು ಈ ಕಥೆ ಕಲಿಸುತ್ತದೆ, ಮತ್ತು ಅಷ್ಟರ ಮಟ್ಟಿಗೆ ಅದು ಶಿಕ್ಷಕರೆಲ್ಲ ಓದಬೇಕಾದುದು. ಆದರೆ ಮಗುವು ಗುಪ್ತಜ್ಞಾನಿಯಾಗಿದ್ದರೆ ಮಾತ್ರ ಆದರಕ್ಕೆ ಪಾತ್ರವೆಂದಾದರೆ ಅದು ಅಧಿಕಾರದ ಹಳೆಯ ಅಳತೆಗೋಲನ್ನು ತಿರುಗಿಸಿ ಹಿಡಿದಂತಾಯಿತೇ ಹೊರತು ಬಿಟ್ಟಂತಾಗಲಿಲ್ಲ. ಗಣಿತದಲ್ಲಿ ಅಸಾಧಾರಣ ಪ್ರತಿಭೆ ತೋರದ, ಚಿತ್ರ ಬರೆಯದ, ಯಾವ ವಿಸ್ಮಯವನ್ನೂ ಉಂಟುಮಾಡದ ಸಾಧಾರಣ ಸ್ವಲೀನ ಮಗುವಿಗೂ ಶಾಲೆಯಲ್ಲಿ ಪಾಲಿದೆಯೇ ಎಂಬುದೇ ನಿಜವಾದ ಪ್ರಶ್ನೆ.

ಆಧುನಿಕ ಪಾಶ್ಚಾತ್ಯ ನ್ಯಾಯಚಿಂತನೆಯಲ್ಲಿಯೂ ಈ ಪ್ರಶ್ನೆ ತಡವಾಗಿಯೇ ಬಂದಿತು. ಜಾನ್ ರಾಲ್ಸ್ 1971ರ ತಮ್ಮ ಮಹಾಗ್ರಂಥದಲ್ಲಿ ರೂಪಿಸಿದ ಸಿದ್ಧಾಂತವು ಸಮಾಜವನ್ನು ಪರಸ್ಪರ ಲಾಭಕ್ಕಾಗಿ ಸಹಕರಿಸುವವರ ಕೂಟವೆಂದು ಭಾವಿಸಿ, ತೀವ್ರವಾದ ಮಾನಸಿಕ ವೈಕಲ್ಯವುಳ್ಳವರ ಪ್ರಶ್ನೆಯನ್ನು ಮುಂದಕ್ಕೆ ತಳ್ಳಿತು. ಮಾರ್ತಾ ನುಸ್‌ಬಾಮ್ 2006ರ ತಮ್ಮ ಕೃತಿಯಲ್ಲಿ ಇದನ್ನೇ ಆ ಸಿದ್ಧಾಂತದ ಮುಖ್ಯ ಕೊರತೆಯೆಂದು ತೋರಿಸಿ, ಲಾಭಕ್ಕೆ ಪ್ರತಿಲಾಭ ನೀಡಲಾಗದವರೂ ಮೊದಲ ದಿನದಿಂದಲೇ ನ್ಯಾಯದ ವ್ಯಾಪ್ತಿಯೊಳಗಿರಬೇಕೆಂದು ವಾದಿಸಿದರು. ಅದಕ್ಕೂ ಮೊದಲೇ, 1999ರಲ್ಲಿ, ಅಲಾಸ್ಡೇರ್ ಮ್ಯಾಕಿಂಟೈರ್ ಇನ್ನೂ ಮುಂದೆ ಹೋಗಿ, ಶೈಶವ, ರೋಗ, ಮುಪ್ಪುಗಳ ಮೂಲಕ ಪರಾವಲಂಬನೆಯು ಎಲ್ಲ ಮನುಷ್ಯರ ಬದುಕಿನ ಭಾಗವಾಗಿರುವುದರಿಂದ ಅದನ್ನು ಕೆಲವರ ದೋಷವೆಂದು ಎಣಿಸುವುದೇ ತಪ್ಪೆಂದು ಹೇಳಿದರು. ಕನ್ನಡ ನಾಡಿನಲ್ಲಿ ಈ ವಿವೇಕಕ್ಕೆ ತನ್ನದೇ ಆದ ಆಧಾರವಿದೆ. 12ನೆಯ ಶತಮಾನದ ಶರಣರು ಇಷ್ಟಲಿಂಗವನ್ನು ಅಧಿಕಾರಿಯನ್ನು ಪರೀಕ್ಷಿಸದೆ ಎಲ್ಲರ ಅಂಗೈಗೆ ಕೊಟ್ಟರು. ದಾಸೋಹವೆಂಬ ತತ್ತ್ವದಲ್ಲಿ ಕೊಡುವವನು ದಾಸನೇ ಹೊರತು ಧಣಿಯಲ್ಲ, ಆದ್ದರಿಂದ ಪಡೆಯುವವನು ತನ್ನ ಯೋಗ್ಯತೆಯನ್ನು ರುಜುವಾತುಪಡಿಸಬೇಕಿಲ್ಲ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಆಚರಣೆಗೆ ತಂದ ಸಿದ್ಧಗಂಗೆಯಂತಹ ಮಠಗಳ ಪರಂಪರೆಯಿಂದ ಈ ರಾಜ್ಯದ ಖಾಸಗಿ ಶಿಕ್ಷಣದ ಒಂದು ದೊಡ್ಡ ಭಾಗ ಬೆಳೆದುಬಂದಿದೆ. ಊಟದ ಪಂಕ್ತಿಯಲ್ಲಿ ಯಾರನ್ನೂ ಎಬ್ಬಿಸದ ಪರಂಪರೆಯು ಅಕ್ಷರದ ಪಂಕ್ತಿಯಲ್ಲಿಯೂ ಎಬ್ಬಿಸಲಾಗದು.

ಇಷ್ಟು ಹೇಳಿದ ಮೇಲೆ ಮಿತಿಗಳನ್ನೂ ಗುರುತಿಸಬೇಕು. ಎಲ್ಲ ಸ್ವಲೀನ ಮಕ್ಕಳಿಗೂ ಸಾಮಾನ್ಯ ಶಾಲೆಯೇ ಉತ್ತಮವೆಂಬ ಸಾರ್ವತ್ರಿಕ ವಿಧಿಯನ್ನು ಮೇಲಿನ ವಾದವು ಸ್ಥಾಪಿಸುವುದಿಲ್ಲ. ಗದ್ದಲವನ್ನು ತಾಳಲಾರದ, ಒಬ್ಬೊಬ್ಬರಾಗಿಯೇ ಕಲಿಸಬೇಕಾದ ಮಕ್ಕಳಿಗೆ ಒಳ್ಳೆಯ ವಿಶೇಷ ಶಾಲೆಯು ನೆಮ್ಮದಿಯ ಸ್ಥಳವಾಗಿರಬಹುದು. 2016ರ ಕಾಯ್ದೆಯ 31ನೆಯ ಸೆಕ್ಷನ್ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡುವಾಗ ಆಯ್ಕೆಯನ್ನು ಬಿಟ್ಟಿರುವುದು ಮಗುವಿನ ಕಡೆಗೆ. ವಿಶೇಷ ಶಾಲೆಗೆ ಸೇರಿಸಿ ಎಂಬ ಸಲಹೆಯು ತಪ್ಪಾಗುವುದು ಅದು ಸಲಹೆಯ ವೇಷದಲ್ಲಿ ಆಯ್ಕೆಯನ್ನು ಕಸಿದುಕೊಂಡಾಗ. ಉಳಿದ ಮಕ್ಕಳ ಕಲಿಕೆಗೆ ಅಡ್ಡಿಯಾಗುತ್ತದೆಂಬ ಆತಂಕವೂ ಗಣನೆಗೆ ಬರಬೇಕಾದುದೇ, ಆದರೆ ಅದಕ್ಕೆ ಪರಿಹಾರ ಶಿಕ್ಷಕರ ಸಂಖ್ಯೆಯಲ್ಲಿಯೂ ತರಗತಿಯ ಗಾತ್ರದಲ್ಲಿಯೂ ಇದೆ. ನಲವತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿಯಿರುವ ವ್ಯವಸ್ಥೆ ಉಳಿದ ಮೂವತ್ತೊಂಬತ್ತು ಮಕ್ಕಳಿಗೂ ನ್ಯಾಯ ಒದಗಿಸುತ್ತಿಲ್ಲ. ಮಗುವಿನ ಜೊತೆಗೆ ಕೂರುವ ಶ್ಯಾಡೋ ಟೀಚರನ್ನು ಪಾಲಕರೇ ಸಂಬಳ ಕೊಟ್ಟು ನೇಮಿಸಿಕೊಂಡರೆ ಮಾತ್ರ ಸೀಟು ಎಂಬ ಷರತ್ತಾದರೋ ಶಾಲೆಯ ನಿತ್ಯಕರ್ಮದ ಅಂಗವನ್ನು ಪಾಲಕರ ತಲೆಗೆ ಕಟ್ಟಿದಂತೆ; ಹಣವುಳ್ಳವರ ಮಗುವಿಗೆ ಮಾತ್ರ ತೆರೆಯುವ ಬಾಗಿಲನ್ನು ಒಳಗೊಳ್ಳುವಿಕೆಯೆಂದು ಕರೆಯಲಾಗದು.

ಆದ್ದರಿಂದ ಪ್ರವೇಶದ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ ಈ ಮಗು ಇಂತಹ ಶಾಲೆಗೆ ತಕ್ಕುದೇ ಎಂಬುದಲ್ಲ; ಈ ಮಗುವಿಗೆ ಕಲಿಸಲು ಶಾಲೆಯಲ್ಲಿ ಏನಿದೆ, ಏನಿಲ್ಲ, ಇಲ್ಲದುದು ಎಷ್ಟು ದಿನದಲ್ಲಿ ಬರುತ್ತದೆ ಎಂಬುದು. ಈ ಮೂರಕ್ಕೂ ಶಾಲೆಯು ಪಾಲಕರಿಗೆ ಲಿಖಿತವಾಗಿ ಉತ್ತರ ಕೊಡಲಿ. ಬಾಯಿಮಾತಿನ ಸೀಟಿಲ್ಲವೆಂಬ ಉತ್ತರ ಸಾಕಾಗಬಾರದು. ಶಿಕ್ಷಣ ಇಲಾಖೆಯು ಮಾನ್ಯತೆಯನ್ನು ನವೀಕರಿಸುವಾಗ ಕಟ್ಟಡದ ಅಳತೆಯನ್ನೂ ಅಗ್ನಿಸುರಕ್ಷೆಯ ಪತ್ರವನ್ನೂ ಕೇಳುವಷ್ಟೇ ನಿಷ್ಠುರವಾಗಿ ವಿಶೇಷ ಶಿಕ್ಷಕರ ನೇಮಕಾತಿಯ ಪತ್ರವನ್ನೂ ಕೇಳಲಿ. ಉಳಿದ ಪಾಲಕರು ತಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಭಿನ್ನವಾಗಿ ಕಲಿಯುವ ಮಗುವೊಂದು ಕೂರುವುದನ್ನು ನಷ್ಟವೆಂದು ಎಣಿಸುವುದನ್ನು ಬಿಡಲಿ. ಮಾನ್ಯತೆ ಪಡೆದ ಶಾಲೆಗೆ ಕಲಿಸುವುದು ನಿತ್ಯಕರ್ಮ. ಅದರ ಅಂಗಗಳಲ್ಲಿ ಕೊರತೆಯಿರಬಹುದು, ಅವನ್ನು ಕ್ರಮೇಣ ತುಂಬಿಕೊಳ್ಳಲು ಸಮಯ ಕೇಳಬಹುದು, ಆದರೆ ಮಗುವನ್ನು ಹೊರಗಿಟ್ಟು ಪ್ರಧಾನಕರ್ಮವನ್ನೇ ಬಿಡಲು ಶಾಸ್ತ್ರದಲ್ಲಿಯೂ ಸಂವಿಧಾನದಲ್ಲಿಯೂ ಅವಕಾಶವಿಲ್ಲ.